ಹಳೇ ಆರ್‌ಎಸ್ಸಾ, ಹೊಸ ಜಿಟಿನಾ?

2025ರ ದೀಪಾವಳಿಗೆ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಮೈಸೂರಿನ ಹುಡುಗ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಒಂದು ಕೈಯಲ್ಲಿ ಕಜ್ಜಾಯ, ಇನ್ನೊಂದು ಕೈಯಲ್ಲಿ ಫೋನು. ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಅಣ್ಣ, 24 ಲಕ್ಷ ಹೊಂದಿಸಿದೀನಿ. ಹಳೇ ಆರ್‌ಎಸ್ ತಗೊಳ್ಲಾ, ಹೊಸ ಜಿಟಿ ತಗೊಳ್ಲಾ?" ಅಂದ.

ಆರ್‌ಎಸ್ ಅಂದರೆ 2017-18ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಜಿಟಿ ಅಂದರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್, 1.5 ಲೀಟರ್ ಟರ್ಬೊ. ಅದೇ ವಾರ ಹೊಸ ಆಕ್ಟೇವಿಯಾ ಆರ್‌ಎಸ್ ನಮ್ಮ ದೇಶದಲ್ಲಿ ಬಿಡುಗಡೆಯಾಗಿತ್ತು. ₹49.99 ಲಕ್ಷ, ಬರೀ 100 ಗಾಡಿ, ಬಿಡುಗಡೆಗೆ ಮುಂಚೆಯೇ ಎಲ್ಲ ಖಾಲಿ. ಆ ಸುದ್ದಿ ಓದಿಯೇ ಇವನ ತಲೆಗೆ ಹಳೇ ಆರ್‌ಎಸ್ ಹೊಕ್ಕಿದ್ದು. ಹೊಸದಕ್ಕೆ ಕೈ ಎಟುಕಲ್ಲ, ಹಳೇದಾದರೂ ಸಿಗುತ್ತಲ್ಲ ಅಂತ.

ಈ ಪ್ರಶ್ನೆ ಇವನೊಬ್ಬನದಲ್ಲ. ಇಪ್ಪತ್ತು-ಇಪ್ಪತ್ತೈದು ಲಕ್ಷ ಹಿಡಿದುಕೊಂಡು ಓಡಿಸೋ ಖುಷಿಗೆ ಕಾರು ಹುಡುಕುವ ಎಲ್ಲರೂ ಒಂದಲ್ಲ ಒಂದು ದಿನ ಇಲ್ಲಿಗೇ ಬಂದು ನಿಲ್ಲುತ್ತಾರೆ. ಅದಕ್ಕೇ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೂಪೆ ಮಾತು ಮುಗಿಸೋಣ

"ಕೂಪೆನೇ ಬೇಕು" ಅನ್ನುವವರೂ ಇದ್ದಾರೆ. ಅವರಿಗೆ ಬೇಸರದ ಸುದ್ದಿ. ಈ ದುಡ್ಡಿಗೆ ನಮ್ಮಲ್ಲಿ ನಿಜವಾದ ಕೂಪೆ ಇಲ್ಲ. ಕೂಪೆ ಅಂದರೆ ಎರಡು ಬಾಗಿಲು, ಹಿಂದಕ್ಕೆ ಇಳಿಜಾರಾದ ಸೂರು. 2024ರಲ್ಲಿ ಬಂದ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್‌ಗಳನ್ನು ಷೋರೂಮಿನವರು ಕೂಪೆ ಅಂತಲೇ ಕರೆಯುತ್ತಾರೆ. ಸೂರು ಇಳಿಜಾರೇ, ಆದರೆ ನಾಲ್ಕು ಬಾಗಿಲು, ಎತ್ತರದ ಮೈ. ನೋಡೋಕೆ ಚೆಂದ, ತಕರಾರಿಲ್ಲ. ಆದರೆ ಕೂಪೆ ಅನ್ನೋದು ಅಲ್ಲಿ ಉಡುಪು ಮಾತ್ರ. ಎರಡು ಬಾಗಿಲಿನದೇ ಬೇಕು ಅಂದರೆ ಬಿಎಂಡಬ್ಲ್ಯು ಎಂ2 ಇದೆ, ಅದರ ಬೆಲೆ ಕೋಟಿಯ ಆಸುಪಾಸು. ಫೋರ್ಡ್ ಮಸ್ಟ್ಯಾಂಗ್ 2016ರಲ್ಲಿ ₹65 ಲಕ್ಷಕ್ಕೆ ಬಂದಿತ್ತು. ಕಂಪನಿಯೇ ಇಲ್ಲಿ ಕಾರು ಮಾಡೋದು ನಿಲ್ಲಿಸಿ ಹೋಯಿತು.

ಹಾಗಾಗಿ ನಮ್ಮ ಬಜೆಟ್ಟಿನಲ್ಲಿ ಹೊಸ ಸ್ಪೋರ್ಟಿ ಕಾರು ಅಂದರೆ ತಗ್ಗಾಗಿ ಕೂರುವ ಟರ್ಬೊ ಸೆಡಾನೇ. ವರ್ಟಸ್ ಜಿಟಿ, ಅದರ ಅಣ್ಣ-ತಮ್ಮ ಸ್ಕೋಡಾ ಸ್ಲಾವಿಯಾ 1.5, ಮತ್ತು ಹಿಂಭಾಗ ಕೂಪೆ ಥರ ಇಳಿದಿರುವ ಹ್ಯುಂಡೈ ವೆರ್ನಾ ಟರ್ಬೊ. ವೆರ್ನಾಗೆ 160 ಪಿಎಸ್ (ಕುದುರೆಶಕ್ತಿಯ ಅಳತೆ) ಇದೆ, ಕಾಗದದ ಮೇಲೆ ವರ್ಟಸ್‌ಗಿಂತ 10 ಜಾಸ್ತಿ. ಆದರೂ ಸ್ಟೀರಿಂಗ್ ಹಿಡಿದ ಮೇಲೆ ನನಗೆ ವರ್ಟಸ್ಸೇ ಹತ್ತಿರವಾಯಿತು. ಇದು ನನ್ನ ಕೈಯ ಅಭಿಪ್ರಾಯ, ನಿಮ್ಮ ಕೈ ಬೇರೆ ಹೇಳಬಹುದು.

ಎರಡೂ ಗಾಡಿ ಏನು

ಆರ್‌ಎಸ್ 230 ಇಲ್ಲಿಗೆ ಬಂದಿದ್ದು 2017ರಲ್ಲಿ, ಎಕ್ಸ್-ಷೋರೂಂ ₹24.62 ಲಕ್ಷಕ್ಕೆ. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು, ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚು. ಸೊನ್ನೆಯಿಂದ 100ಕ್ಕೆ 6.8 ಸೆಕೆಂಡು ಅಂತ ಕಂಪನಿ ಲೆಕ್ಕ. ಇಷ್ಟೆಲ್ಲ ಇದ್ದೂ 590 ಲೀಟರಿನ ಡಿಕ್ಕಿ. ಹಿಂಬಾಗಿಲು ಗಾಜಿನ ಸಮೇತ ಮೇಲಕ್ಕೆ ಏಳುತ್ತದೆ. ಮದುವೆ ಮನೆಗೆ ಪಾತ್ರೆ ಸಾಗಿಸುವ ಕಾರು, ಖಾಲಿ ರಸ್ತೆ ಕಂಡರೆ ಹುಲಿ. ಅದರ ಮೋಹ ಇರೋದೇ ಅಲ್ಲಿ.

ಆಮೇಲೆ 2020ರಲ್ಲಿ ಆರ್‌ಎಸ್ 245 ಬಂತು. ₹35.99 ಲಕ್ಷ, 200 ಗಾಡಿ ಮಾತ್ರ. ಅದು ನಮ್ಮ ಬಜೆಟ್ಟಿಗೆ ಈಗಲೂ ಸಿಗಲ್ಲ, ಬಿಟ್ಟುಬಿಡೋಣ.

ವರ್ಟಸ್ ಜಿಟಿ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುತ್ತದೆ. 1.5 ಲೀಟರ್, 150 ಪಿಎಸ್, 250 ಎನ್‌ಎಂ. ಆರು ಗೇರಿನ ಮ್ಯಾನುವಲ್ ಇದೆ, ಏಳು ಗೇರಿನ ಡಿಎಸ್‌ಜಿಯೂ ಇದೆ. ಈ ಡಿಎಸ್‌ಜಿಯದು ಒಣ ಕ್ಲಚ್ಚು. 100 ಮುಟ್ಟೋಕೆ ಒಂಬತ್ತು ಸೆಕೆಂಡಿನ ಆಸುಪಾಸು. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್. ನೆಲದಿಂದ 179 ಮಿ.ಮೀ. ಎತ್ತರ, ಅಂದರೆ ನಮ್ಮ ಬಡಾವಣೆಯ ಮನೆಗೊಂದರಂತಿರುವ ಉಬ್ಬುಗಳನ್ನು ತಳ ತಾಗದೆ ದಾಟುತ್ತದೆ. ಆರ್‌ಎಸ್‌ನಲ್ಲಿ ನಾಲ್ಕು ಜನ ಕೂತಿದ್ದರೆ ಉಬ್ಬು ಕಂಡಾಗ ಎಲ್ಲರೂ ಉಸಿರು ಬಿಗಿ ಹಿಡಿಯಬೇಕು.

ಒಂದು ವಿಷಯಕ್ಕೆ ವರ್ಟಸ್ ಮೇಲೆ ನನಗೆ ಸಿಟ್ಟಿದೆ. ನಾವು ನೋಡಿದ ಗಾಡಿಯಲ್ಲಿ ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ ಕೆಂಪು ಬಣ್ಣ ಬಳಿದಿದ್ದರು, ಹಿಂದಿನ ಚಕ್ರದಲ್ಲಿ ಮಾತ್ರ ಡ್ರಮ್ ಬ್ರೇಕು. ಇಪ್ಪತ್ತು ಲಕ್ಷದ ಹತ್ತಿರದ ಸ್ಪೋರ್ಟಿ ಕಾರಿಗೆ ಡ್ರಮ್! ನಿಲ್ಲುತ್ತದೆ, ಚೆನ್ನಾಗೇ ನಿಲ್ಲುತ್ತದೆ, ಆದರೆ ತೊಳೆಯುವಾಗ ನೋಡಿದರೆ ಹೊಟ್ಟೆ ಉರಿಯುತ್ತದೆ. ಆರ್‌ಎಸ್‌ಗೆ ನಾಲ್ಕೂ ಕಡೆ ಡಿಸ್ಕು, ಹಿಂದೆ ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ನು. ವರ್ಟಸ್‌ನ ಹಿಂದೆ ಎರಡು ಚಕ್ರವನ್ನೂ ಸೇರಿಸುವ ತಿರುಚುವ ತೊಲೆ. ಘಾಟಿಯ ತಿರುವಿನ ನಡುವೆ ಗುಂಡಿ ಸಿಕ್ಕಾಗ ಈ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ.

ಕುದುರೆ ಲೆಕ್ಕಕ್ಕಿಂತ ಮುಂಚೆ ಕೇಳಬೇಕಾದ್ದು

ತಮ್ಮನಿಗೆ ನಾನು ಕೇಳಿದ ಮೊದಲ ಪ್ರಶ್ನೆ: "ಮನೇಲಿ ಇನ್ನೊಂದು ಗಾಡಿ ಇದೆಯಾ?"

"ಇಲ್ಲ. ಯಾಕೆ?"

ಯಾಕೆ ಅಂದರೆ, ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಂದು ಹಳೇ ಟರ್ಬೊ ಹ್ಯಾಚ್‌ಬ್ಯಾಕ್ ಇತ್ತು. ಹೆಸರು ಬೇಡ. ಮನೆಗೆ ಅದೊಂದೇ ಕಾರು. ಓಡುವಾಗ ಅದರಂಥ ಗಾಡಿ ಇಲ್ಲ. ಒಂದು ಶುಕ್ರವಾರ ಸಂಜೆ ಚನ್ನರಾಯಪಟ್ಟಣ ದಾಟಿದ ಮೇಲೆ ಕೂಲಂಟ್ ದೀಪ ಹತ್ತಿತು. ಬಾನೆಟ್ ತೆರೆದರೆ ಸಿಹಿ ವಾಸನೆ, ನೆಲಕ್ಕೆ ಗುಲಾಬಿ ನೀರು ತೊಟ್ಟಿಕ್ಕುತ್ತಿದೆ. ಪ್ಲಾಸ್ಟಿಕ್ಕಿನ ಒಂದು ಸಣ್ಣ ಭಾಗ ಬಿರುಕು ಬಿಟ್ಟಿತ್ತು. ಆ ಭಾಗ ಬರೋಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನದಲ್ಲಿ ಅಪ್ಪನ ಕಣ್ಣಿನ ಆಪರೇಷನ್ನು, ಮಗಳ ಶಾಲೆ, ಒಂದು ಗೃಹಪ್ರವೇಶ, ಎಲ್ಲ ಆಟೊದಲ್ಲೇ. ರಿಪೇರಿ ಬಿಲ್ಲು ನನಗೆ ನೆನಪಿಲ್ಲ. ಹೆಂಡತಿ ಆ ಹನ್ನೊಂದು ದಿನದ ಲೆಕ್ಕ ಇನ್ನೂ ಮರೆತಿಲ್ಲ.

ಹಳೇ ಪವರ್ ಕಾರು ಕೆಟ್ಟೇ ಕೆಡುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಟ್ಟ ದಿನ ನಿಮ್ಮ ಮನೆ ನಡೆಯುತ್ತದಾ ಅಂತ ಕೇಳುತ್ತಿದ್ದೇನೆ. ಮನೆಯಲ್ಲಿ ಒಂದು ಆಲ್ಟೊ ಇದ್ದರೂ ಸಾಕು, ಆರ್‌ಎಸ್ ಗ್ಯಾರೇಜಿನಲ್ಲಿ ಎರಡು ವಾರ ಕೂತರೆ ಅದೊಂದು ಬೇಸರ ಅಷ್ಟೆ. ಆಲ್ಟೊನೂ ಇಲ್ಲ ಅಂದರೆ ಅದು ಮನೆಮಂದಿಯ ಜಗಳವಾಗುತ್ತದೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ತೀರ್ಮಾನ ಆದ ಹಾಗೆ. ಉಳಿದದ್ದೆಲ್ಲ ಕಾಲು ಭಾಗ.

ಆದರೂ ಆ ಕಾಲು ಭಾಗದಲ್ಲೇ ದುಡ್ಡು ಹೋಗೋದು. ಅದನ್ನೂ ನೋಡೋಣ.

ದುಡ್ಡು

ನಾವು ಬೆಂಗಳೂರಿನಲ್ಲಿ ಮೂರು ಆರ್‌ಎಸ್ 230 ನೋಡಿದೆವು. ಕೇಳಿದ ಬೆಲೆ 19ರಿಂದ 24 ಲಕ್ಷದವರೆಗೆ. ಎಂಟು ವರ್ಷದ ಹತ್ತಿರದ ಗಾಡಿಗೆ, ಹೊಸದಾಗಿದ್ದಾಗಿನ ಎಕ್ಸ್-ಷೋರೂಂ ಬೆಲೆಯನ್ನೇ ಕೇಳುತ್ತಿದ್ದಾರೆ! ಮೊದಲಿಗೆ ತಮಾಷೆ ಅನಿಸಿತು. ಆದರೆ ಇದ್ದದ್ದೇ ಕೆಲವು ನೂರು ಗಾಡಿ, ಹೊಸದಕ್ಕೆ 50 ಲಕ್ಷ. ಬೇಡಿಕೆ ಇದ್ದೇ ಇರುತ್ತದೆ. ಇದರಲ್ಲಿ ಒಂದು ಒಳ್ಳೆಯದೂ ಇದೆ. ನೀವು ಸರಿಯಾದ ಗಾಡಿ ಕೊಂಡು ಮೂರು ವರ್ಷ ಓಡಿಸಿ ಮಾರಿದರೆ ಬೆಲೆ ಅಷ್ಟಾಗಿ ಬೀಳಲ್ಲ. ಹೊಸ ವರ್ಟಸ್ ಷೋರೂಂ ಗೇಟು ದಾಟಿದ ದಿನವೇ ಸೆಕೆಂಡ್ ಹ್ಯಾಂಡು.

ವರ್ಟಸ್ ಜಿಟಿ ಪ್ಲಸ್‌ನ ಎಕ್ಸ್-ಷೋರೂಂ 19 ಲಕ್ಷದ ಸುತ್ತಮುತ್ತ. 2025ರ ಸೆಪ್ಟೆಂಬರ್ 22ರಿಂದ ಈ ಥರದ ಕಾರಿನ ತೆರಿಗೆ, ಜಿಎಸ್‌ಟಿ ಮತ್ತು ಸೆಸ್ ಸೇರಿ ಇದ್ದ ಶೇ 45ರಿಂದ ಶೇ 40ಕ್ಕೆ ಇಳಿದಿದೆ, ಅಷ್ಟು ಉಳಿತಾಯ. ಆದರೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಇದೆಯಲ್ಲ! 10ರಿಂದ 20 ಲಕ್ಷದ ಕಾರಿಗೆ ಶೇ 17. ಅದರ ಮೇಲೆ ಸೆಸ್ಸು. ಮೂರೂವರೆ ಲಕ್ಷ ಅಲ್ಲೇ ದಾಟುತ್ತದೆ. ಇನ್ಶೂರೆನ್ಸ್ ಸೇರಿಸಿದರೆ ಕೈಗೆ ಬರೋ ಹೊತ್ತಿಗೆ 23-24 ಲಕ್ಷ. ಆ ತೆರಿಗೆ ದುಡ್ಡು ಕಾರು ಮಾರುವಾಗ ಯಾರೂ ನಿಮಗೆ ಲೆಕ್ಕ ಹಾಕಿ ಕೊಡಲ್ಲ. ಕೆಎ ನಂಬರಿನ ಹಳೇ ಕಾರು ಕೊಂಡರೆ ಆ ತೆರಿಗೆ ಮೊದಲ ಓನರ್ ಕಟ್ಟಾಗಿದೆ. ಹಳೇದು ಗೆಲ್ಲೋದು ಇಲ್ಲೇ.

ಇಲ್ಲೊಂದು ಬಲೆ ಇದೆ. ದೆಹಲಿ, ಹರಿಯಾಣದ ಗಾಡಿ ಎರಡು-ಮೂರು ಲಕ್ಷ ಕಡಿಮೆಗೆ ಕಾಣುತ್ತದೆ. ಅದನ್ನು ತಂದು ಇಲ್ಲೇ ಇಟ್ಟುಕೊಳ್ಳಬೇಕಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸು, ಹೊಸ ನಂಬರು. ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ, ನಿಜ. ಆದರೆ ಮೂಲ ಬೆಲೆ 20 ಲಕ್ಷದ ಮೇಲಿದ್ದ ಕಾರಿಗೆ ಅದು ಲಕ್ಷಗಳಲ್ಲೇ ಇರುತ್ತದೆ. ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು, ಆರ್‌ಟಿಒ ಓಡಾಟ ಪುಕ್ಕಟೆ.

ಸಾಲದ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೇ ಕಾರಿಗೆ ಬಡ್ಡಿ ಜಾಸ್ತಿ, ಕಂತಿನ ಅವಧಿ ಕಡಿಮೆ. ಆರ್‌ಎಸ್‌ಗೆ ಹೆಚ್ಚುಕಡಿಮೆ ಪೂರ್ತಿ ಕೈಯಿಂದಲೇ ಹಾಕಬೇಕು ಅಂದುಕೊಳ್ಳಿ. ಇನ್ಶೂರೆನ್ಸೂ ಹಾಗೇ. ಐದು ವರ್ಷ ದಾಟಿದ ಕಾರಿಗೆ ಝೀರೊ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಪಾಲಿಸಿ) ಸಿಗೋದು ಕಷ್ಟ. ಗಾಡಿಯ ಮೌಲ್ಯವನ್ನೂ ಕಂಪನಿಯೊಂದಿಗೆ ಮಾತಾಡಿಯೇ ಗೊತ್ತು ಮಾಡಿಕೊಳ್ಳಬೇಕು. 22 ಲಕ್ಷ ಕೊಟ್ಟು ತಂದ ಗಾಡಿಯನ್ನು ಅವರು 12 ಲಕ್ಷಕ್ಕೆ ಬರೆದರೆ, ಗಾಡಿ ಪೂರ್ತಿ ಜಖಂ ಆದ ದಿನ ನಿಮಗೆ ಸಿಗೋದು ಆ 12 ಮಾತ್ರ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತದೆ, ಗಾಡಿ ಜೊತೆ ಬರಲ್ಲ. ಮಾರಾಟವಾದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇದನ್ನು ಮರೆಯುವವರೇ ಜಾಸ್ತಿ.

ಕೊನೆಗೆ ಒಂದು ಗಂಟು. ಆರ್‌ಎಸ್ ಕೊಳ್ಳುವುದಾದರೆ ಎರಡರಿಂದ ಎರಡೂವರೆ ಲಕ್ಷ ಪಕ್ಕಕ್ಕಿಡಿ. ನಾಲ್ಕು ಟೈರು, ಬ್ರೇಕು, ಗೇರ್‌ಬಾಕ್ಸ್ ಎಣ್ಣೆ, ವಾಟರ್ ಪಂಪು, ಸಸ್ಪೆನ್ಷನ್ ಬುಷ್ಷು, ಎಲ್ಲ ಒಂದೇ ವರ್ಷದಲ್ಲಿ ಬಂದರೂ ಬಂತು. ಅಂದರೆ 24 ಲಕ್ಷ ಇರುವವನು ನೋಡಬೇಕಾದ್ದು 21-22 ಲಕ್ಷದ ಗಾಡಿ. ಇದನ್ನು ಹೇಳಿದಾಗ ತಮ್ಮನ ಮುಖ ಸ್ವಲ್ಪ ಸಪ್ಪಗಾಯಿತು.

ಲಿಫ್ಟ್ ಮೇಲಿನ ಒಂದು ಬೆಳಿಗ್ಗೆ

ಮೂರರಲ್ಲಿ ಒಂದು ಗಾಡಿ ಮನಸ್ಸಿಗೆ ಹಿಡಿಸಿತು. ಬಿಳಿ ಬಣ್ಣ, 2018ರದ್ದು, ಮೀಟರಿನಲ್ಲಿ 46,000 ಕಿ.ಮೀ. ಒಬ್ಬನೇ ಓನರ್ ಅಂದರು ಡೀಲರು. ಒಳಗೆ ಕೂತರೆ ಹೊಸ ಕಾರಿನ ವಾಸನೆ. ಯಾರೋ ಬಾಟಲಿಯಿಂದ ಹೊಡೆದದ್ದು ಅಂತ ಆಮೇಲೆ ಹೊಳೆಯಿತು.

ಪೀಣ್ಯದ ಕಡೆ ಸ್ಕೋಡಾ-ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳನ್ನೇ ನೋಡುವ ಮೆಕ್ಯಾನಿಕ್ ಒಬ್ಬರು ಗೊತ್ತಿದ್ದಾರೆ. ಅಲ್ಲಿಗೆ ಒಯ್ದೆವು. ಡೀಲರು ಮೊದಲು ಗೊಣಗಿದರು. ಗಾಡಿಯನ್ನು ನಿಮ್ಮ ಮೆಕ್ಯಾನಿಕ್ ಹತ್ತಿರ ಒಯ್ಯಲು ಬಿಡದ ಮಾರಾಟಗಾರನ ಜೊತೆ ಮಾತು ಮುಂದುವರಿಸಲೇಬೇಡಿ. ಇವರು ಕೊನೆಗೆ ಒಪ್ಪಿದರು.

ಮೆಕ್ಯಾನಿಕ್ಕು ಬಾನೆಟ್ ತೆಗೆಯಲಿಲ್ಲ. ಮೊದಲು ಮುಂದಿನ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ತುದಿ ನೋಡಿದರು. "ನೀರಲ್ಲಿ ಮುಳುಗಿದ ಗಾಡಿ ಆದ್ರೆ ಇಲ್ಲಿ ಕೆಸರಿನ ಗೆರೆ ಇರುತ್ತೆ ಸಾರ್. ಸೀಟ್ ತೊಳೀತಾರೆ, ಇದನ್ನ ಯಾರೂ ತೊಳೆಯಲ್ಲ." 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರಿನ ಕಡೆ ಎಷ್ಟು ದುಬಾರಿ ಕಾರುಗಳು ಮುಳುಗಿದವು ನೆನಪಿದೆ ಅಲ್ವಾ? ಅವುಗಳಲ್ಲಿ ಎಲ್ಲವೂ ಗುಜರಿಗೆ ಹೋಗಲಿಲ್ಲ. ಈ ಗಾಡಿಯ ಬೆಲ್ಟು ಶುದ್ಧವಾಗಿತ್ತು.

ಆಮೇಲೆ ಬಾಗಿಲಿನ ಅಂಚಿನ ರಬ್ಬರ್ ಎಳೆದು ವೆಲ್ಡಿಂಗ್ ಚುಕ್ಕಿ ನೋಡಿದರು. ಕಾರ್ಖಾನೆಯ ಚುಕ್ಕಿಗಳು ದುಂಡಗೆ, ಒಂದೇ ಅಂತರದಲ್ಲಿ ಇರುತ್ತವೆ. ಟಿಂಕರಿಂಗ್ ಆದ ಕಡೆ ಅವು ಕಾಣೆಯಾಗುತ್ತವೆ. ಇಲ್ಲೂ ಸರಿಯಾಗೇ ಇತ್ತು. ಲಿಫ್ಟಿಗೆ ಏರಿಸಿದರು. ತಳದ ಪ್ಲಾಸ್ಟಿಕ್ ಕವಚದ ತುಂಬ ಉಬ್ಬು ತಾಗಿದ ಗೀರು, ಅದು ಬೆಂಗಳೂರಿನ ಸಹಿ. ಎಂಜಿನ್ನಿನ ಒಂದು ಬದಿಯಲ್ಲಿ ಒಣಗಿದ ಕೂಲಂಟಿನ ಗುಲಾಬಿ ಕಲೆ. ಈ ಎಂಜಿನ್ನಿನ ವಾಟರ್ ಪಂಪು ಮತ್ತು ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಮನೆ ಸೋರುವುದು ಲೋಕಕ್ಕೇ ಗೊತ್ತಿರುವ ಕಾಯಿಲೆ. ಬದಲಾಯಿಸಿದರೆ ಮುಗಿಯಿತು, ಹೆದರುವಂಥದ್ದಲ್ಲ. ಡಿಎಸ್‌ಜಿ ಎಣ್ಣೆಯನ್ನು 60,000 ಕಿ.ಮೀ.ಗೊಮ್ಮೆ ಬದಲಾಯಿಸಬೇಕು. ಅದರ ಬಿಲ್ ಕೇಳಿ ಅಂದರು. ಮೀಟರಿನ ಪ್ರಕಾರ ಇನ್ನೂ ಟೈಮ್ ಇದೆಯಲ್ಲ ಅಂದೆ ನಾನು.

ಅವರು ಉತ್ತರ ಕೊಡಲಿಲ್ಲ. ಸ್ಕ್ಯಾನರ್ ಸಿಕ್ಕಿಸಿದರು. ಎಂಜಿನ್ನಿನ ಕಂಪ್ಯೂಟರು, ಗೇರ್‌ಬಾಕ್ಸ್, ಏರ್‌ಬ್ಯಾಗ್, ಬ್ರೇಕು, ಒಂದೊಂದೇ ತೆರೆಯುತ್ತಾ ಹೋದರು. ಯಾವುದೋ ಸಣ್ಣ ದೋಷ, ಎಂದೋ ಬಂದು ಹೋದದ್ದು, ಗೇರ್‌ಬಾಕ್ಸಿನ ನೆನಪಿನಲ್ಲಿ ಉಳಿದಿತ್ತು. ಈ ಕಾರುಗಳು ದೋಷದ ಜೊತೆಗೆ ಅದು ಬಂದಾಗಿನ ಕಿಲೋಮೀಟರನ್ನೂ ಬರೆದಿಟ್ಟುಕೊಳ್ಳುತ್ತವೆ. ಮೆಕ್ಯಾನಿಕ್ಕು ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

71,388 ಕಿ.ಮೀ.

ಮೀಟರಿನಲ್ಲಿ 46,000 ಇರುವ ಗಾಡಿಗೆ 71,000ದಲ್ಲಿ ನೆಗಡಿ ಬಂದಿತ್ತು. "ಮೀಟರ್ ಹೇಳೋದೊಂದು, ಗಾಡಿ ಹೇಳೋದೊಂದು ಸಾರ್," ಅಂದರು ಅವರು, ವೈರ್ ಸುತ್ತಿಕೊಳ್ಳುತ್ತಾ. ಡೀಲರು ಫೋನ್ ಬಂತು ಅಂತ ಹೊರಗೆ ಹೋದರು. ಫೋನ್ ರಿಂಗ್ ಆಗಿದ್ದು ನಮಗ್ಯಾರಿಗೂ ಕೇಳಿಸಲಿಲ್ಲ.

ಎಂಜಿನ್ ರೀಮ್ಯಾಪ್ ಆಗಿತ್ತಾ ಅನ್ನೋದು ಇನ್ನೊಂದು ಪ್ರಶ್ನೆ. ಆರ್‌ಎಸ್ ಕೊಂಡ ಹತ್ತರಲ್ಲಿ ಎಷ್ಟೋ ಜನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸಿರುತ್ತಾರೆ, ಮಾರುವ ಮುಂಚೆ ಮತ್ತೆ ಮೂಲಕ್ಕೆ ತರುತ್ತಾರೆ. ಕಂಪನಿಯ ಸರ್ವರ್ ಇದನ್ನು ಹಿಡಿದರೆ ಆ ಗಾಡಿಗೆ ಟಿಡಿ1 ಅಂತ ಗುರುತು ಹಾಕುತ್ತದೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ ನೋಡಿ. ರೀಮ್ಯಾಪ್ ಮಾಡಿದ್ದೇ ತಪ್ಪು ಅಂತಲ್ಲ. ಮಾಡಿಸಿದ್ದೀನಿ, ಈ ಊರಲ್ಲಿ, ಇಂಥ ಕಡೆ ಅಂತ ಬಿಲ್ ತೋರಿಸುವ ಓನರ್ ನನಗೆ ಇಷ್ಟ. ಮುಚ್ಚಿಟ್ಟವನು ಇನ್ನೇನು ಮುಚ್ಚಿಟ್ಟಿದ್ದಾನೋ! ಹಳೇ ಪವರ್ ಕಾರಿನಲ್ಲಿ ನೀವು ಕೊಳ್ಳೋದು ಅರ್ಧ ಕಾರು, ಅರ್ಧ ಹಿಂದಿನವನ ಚಾಳಿ. ತಣ್ಣಗಿನ ಎಂಜಿನ್ನನ್ನು ಬೆಳಿಗ್ಗೆ ಎದ್ದ ಕೂಡಲೇ ಜೋರಾಗಿ ಓಡಿಸಿದವನಾ, ಪದೇ ಪದೇ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಪೂರ್ತಿ ಬಲದಲ್ಲಿ ಜಿಗಿಸುವ ವ್ಯವಸ್ಥೆ) ಹೊಡೆದವನಾ, ಎಣ್ಣೆ ಅರ್ಧ ಅವಧಿಗೇ ಬದಲಾಯಿಸಿದ ಪುಣ್ಯಾತ್ಮನಾ? ಬಿಲ್ಲುಗಳ ಫೈಲು ದಪ್ಪ ಇದ್ದರೆ ಒಂದು ಲಕ್ಷ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಪವರ್ ಎಲ್ಲಿ ಖರ್ಚು ಮಾಡ್ತೀರಾ?

ಮೂರರಲ್ಲಿ ಇನ್ನೊಂದು ಆರ್‌ಎಸ್ ನಿಜಕ್ಕೂ ಒಳ್ಳೆಯದಿತ್ತು. ನೆಲಮಂಗಲ ದಾಟಿ ಖಾಲಿ ಸರ್ವಿಸ್ ರಸ್ತೆಯಲ್ಲಿ ಓಡಿಸಿದೆ. 2,000 ಆರ್‌ಪಿಎಂ ದಾಟಿದ ಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ. ಮುಂದಿನ ಚಕ್ರಗಳಿಗೆ ಅಷ್ಟು ಬಲ ಒಂದೇ ಸಲ ಬಂದಾಗ ಸ್ಟೀರಿಂಗ್ ಕೈಯಲ್ಲಿ ಸ್ವಲ್ಪ ಕೊಸರಾಡುತ್ತದೆ. ಪಕ್ಕದಲ್ಲಿ ಕೂತ ತಮ್ಮ ನಗೋಕೆ ಶುರು ಮಾಡಿದ. ಆ ನಗು ಇದೆಯಲ್ಲ, 24 ಲಕ್ಷ ಕೊಡಿಸೋದು ಅದೇ.

ಮೀಟರ್ ನೋಡಿದೆ. 100. ಕಾಲು ತೆಗೆದೆ. ಏಳೇ ಸೆಕೆಂಡಿಗೆ ಆಟ ಮುಗಿಯಿತು.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ದಂಡದ ಚೀಟಿ ಅಲ್ಲ, ಎಫ್‌ಐಆರೇ. ತಮ್ಮ ವಾರಾ ವಾರಾ ಮೈಸೂರಿಗೆ ಹೋಗುವವನು. ಆ ರಸ್ತೆಯಲ್ಲಿ ಆರ್‌ಎಸ್ ಎಂಜಿನ್ನು ಅರ್ಧ ನಿದ್ದೆಯಲ್ಲೇ ಇರುತ್ತದೆ. ವರ್ಟಸ್ ಕೂಡ ಅಲ್ಲಿ ಆರಾಮ. ಕಾಲು ಹಗುರ ಇಟ್ಟರೆ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ಮಲಗುತ್ತದೆ, ಮೈಲೇಜ್ 18 ದಾಟುತ್ತದೆ. ಊರೊಳಗೆ ಬಂದರೆ ವರ್ಟಸ್ 10-11 ಕೊಟ್ಟೀತು, ಆರ್‌ಎಸ್ 8 ಕೊಟ್ಟರೆ ದೊಡ್ಡದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡೂ ಒಂದೇ, ಪಕ್ಕದ ಬಿಎಂಟಿಸಿ ಬಸ್ಸೂ ಅದೇ ವೇಗ.

ಪೆಟ್ರೋಲಿನದೂ ಒಂದು ಮಾತು. ಈಗ ಬಂಕಿನಲ್ಲಿ ಸಿಗೋದು ಇ20, ಐದರಲ್ಲಿ ಒಂದು ಪಾಲು ಎಥನಾಲ್. ಈಗಿನ ವರ್ಟಸ್ಸನ್ನು ಅದಕ್ಕೆ ತಕ್ಕಂತೆ ಮಾಡಿದ್ದಾರೆ. 2017ರಲ್ಲಿ ಆರ್‌ಎಸ್ ಮಾಡಿದವರ ತಲೆಯಲ್ಲಿ ಇ20 ಇರಲಿಲ್ಲ, ಅದು 95 ಆಕ್ಟೇನ್ ಕೇಳುವ ಎಂಜಿನ್ನು. ದುಬಾರಿ ಪೆಟ್ರೋಲಿನ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಹಾಗಾದರೆ ಆ 230 ಕುದುರೆ ಯಾರಿಗೆ? ವರ್ಷಕ್ಕೆ ಎರಡು-ಮೂರು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಹೋಗುವವರಿಗೆ. ಅಲ್ಲಿ ಆರ್‌ಎಸ್ ತನ್ನ ಬೆಲೆ ವಾಪಸ್ ಕೊಡುತ್ತದೆ. ಟ್ರ್ಯಾಕಿನಲ್ಲಿ ಏನಾದರೂ ಆದರೆ ಮಾಮೂಲಿ ಇನ್ಶೂರೆನ್ಸ್ ಬರಲ್ಲ ಅನ್ನೋದೂ ಗೊತ್ತಿರಲಿ.

ಘಾಟಿಯಲ್ಲಿ ನನಗೆ ಆಶ್ಚರ್ಯವಾಯಿತು. ಗೆಳೆಯನ ವರ್ಟಸ್ ಜಿಟಿ ಮ್ಯಾನುವಲ್ ಹಿಡಿದು ಚಾರ್ಮಾಡಿ ಇಳಿದು ಹತ್ತಿದ್ದೆ. ಬೆಳಿಗ್ಗೆ ಆರೂವರೆ, ಮಂಜು ಆಗಷ್ಟೇ ಏಳುತ್ತಿತ್ತು. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಪ್ರತಿ ತಿರುವಿಗೂ ಕೈಗೆ ಕೆಲಸ, ಕಾಲಿಗೆ ಕೆಲಸ. ವೇಗ ನೋಡಿದರೆ 50-60, ಅಷ್ಟೆ. ಆದರೆ ಎಂಜಿನ್ನಿನಲ್ಲಿ ಇರುವುದೆಲ್ಲವನ್ನೂ ನಾನು ಬಳಸುತ್ತಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿದಾಗ ಅಂಗೈ ಬೆವತಿತ್ತು. ಅದೇ ರಸ್ತೆಯಲ್ಲಿ ಆರ್‌ಎಸ್ ಇದಕ್ಕಿಂತ ಬೇಗ ಹೋಗುತ್ತದೆ, ಹಿಡಿತವೂ ಜಾಸ್ತಿ. ಆದರೆ ಎದುರಿನಿಂದ ಬಸ್ಸು ಬರುವ ರಸ್ತೆಯಲ್ಲಿ ಅದರ ಅರ್ಧವನ್ನೂ ಕೇಳೋಕೆ ನನಗೆ ಧೈರ್ಯ ಇಲ್ಲ.

ಹೊಸ ಜಿಟಿ ತೆಗೆದುಕೊಳ್ಳುವವರಿಗೆ ಇದೇ ಕಾರಣಕ್ಕೆ ಹೇಳುತ್ತೇನೆ, ಓಡಿಸುವ ಖುಷಿಗೇ ತಗೊಳ್ಳೋದಾದರೆ ಮ್ಯಾನುವಲ್ ತಗೊಳ್ಳಿ. ಡಿಎಸ್‌ಜಿ ಚುರುಕು, ಒಪ್ಪುತ್ತೇನೆ. ಆದರೆ ಒಣ ಕ್ಲಚ್ಚಿನ ಗೇರ್‌ಬಾಕ್ಸಿಗೆ ದಿನಾ ಎರಡು ಗಂಟೆ ಇಂಚಿಂಚು ತೆವಳುವ ಟ್ರಾಫಿಕ್ ಇಷ್ಟವಿಲ್ಲ, ಬೇಗ ಬಿಸಿಯಾಗುತ್ತದೆ. ವೈಟ್‌ಫೀಲ್ಡ್ ರಸ್ತೆಯಲ್ಲಿ ಎಡಗಾಲು ನೋಯುತ್ತದೆ ಅನ್ನುವವರು ಡಿಎಸ್‌ಜಿನೇ ತಗೊಂಡು ವಾರಂಟಿಯನ್ನು ಎಷ್ಟು ವರ್ಷ ಸಿಗುತ್ತೋ ಅಷ್ಟೂ ವಿಸ್ತರಿಸಿಕೊಳ್ಳಿ.

ಯಾರಿಗೆ ಯಾವುದು

ಮನೆಯಲ್ಲಿ ದಿನದ ಓಡಾಟಕ್ಕೆ ಬೇರೆ ಗಾಡಿ ಇದೆ, ಕೈಯಲ್ಲಿ ಎರಡೂವರೆ ಲಕ್ಷದ ಗಂಟಿದೆ, ನಂಬುವ ಮೆಕ್ಯಾನಿಕ್ ಇದ್ದಾರೆ, ಸರಿಯಾದ ಗಾಡಿಗೆ ಆರು ತಿಂಗಳು ಕಾಯುವ ತಾಳ್ಮೆ ಇದೆ ಅಂದರೆ ಆರ್‌ಎಸ್ ತಗೊಳ್ಳಿ. ಯೋಚನೆ ಮಾಡಬೇಡಿ. ಆ ದುಡ್ಡಿಗೆ ಹೊಸದರಲ್ಲಿ ಅದರ ಹತ್ತಿರ ಬರುವಂಥದ್ದು ಯಾವುದೂ ಇಲ್ಲ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ನಾನು ಸ್ವಲ್ಪ ತಡೆಯುತ್ತೇನೆ. ತಾಳ್ಮೆಯೇ ಇಲ್ಲದಿದ್ದರೆ ಪೂರ್ತಿ ತಡೆಯುತ್ತೇನೆ, ಯಾಕಂದರೆ ಆತುರದವನಿಗೇ ಆ 46,000ದ ಗಾಡಿ ಸಿಗೋದು.

ಒಂದೇ ಕಾರಿನ ಮನೆಗೆ ಹೊಸ ಜಿಟಿ. ಡ್ರಮ್ ಬ್ರೇಕಿನ ಸಿಟ್ಟು ಒಂದು ತಿಂಗಳಿಗೆ ಇಳಿಯುತ್ತದೆ.

ತಮ್ಮ ಹದಿನೈದು ದಿನ ಒದ್ದಾಡಿದ. ನೆಲಮಂಗಲದ ಆ ಆರ್‌ಎಸ್ ಬೇರೆ ಯಾರಿಗೋ ಹೋಯಿತು. ಚಿಕ್ಕಮ್ಮ ಫೋನ್ ಮಾಡಿ, "ಆ ಹಳೇ ಕಾರು ಬೇಡ ಅಂತ ನೀನಾದ್ರೂ ಹೇಳೋ" ಅಂದರು. ನಾನು ಹೇಳುವ ಮುಂಚೆಯೇ ಅವನು ಕೆಂಪು ಬಣ್ಣದ ಜಿಟಿ ಮ್ಯಾನುವಲ್ ಬುಕ್ ಮಾಡಿದ್ದ. ಈಗ ಪ್ರತಿ ಶನಿವಾರ ಮೈಸೂರಿಗೆ ಹೋಗಿ ಮುಟ್ಟಿದ ಮೇಲೆ ಮೈಲೇಜಿನ ಫೋಟೊ ಕಳಿಸುತ್ತಾನೆ. ಪವರ್ ಕಾರು ಬೇಕು ಅಂತ ಬಂದ ಹುಡುಗ!

ಹಳೇ ಜಾಹೀರಾತು ನೋಡುವ ಚಟ ಮಾತ್ರ ಅವನಿಗೂ ಹೋಗಿಲ್ಲ, ನನಗೂ ಹೋಗಿಲ್ಲ. ಮೊನ್ನೆ ರಾತ್ರಿ ಒಂದು ಫೋಟೊ ಕಳಿಸಿದ. ಅದೇ ಬಿಳಿ ಆರ್‌ಎಸ್, ಅದೇ ನಂಬರು, ಬೇರೆ ಡೀಲರು. ಒಬ್ಬನೇ ಓನರ್, ಹೊಸದರಂತಿದೆ ಅಂತ ಬರೆದಿದ್ದರು. ಈ ಸಲ ಮೀಟರಿನಲ್ಲಿ 41,000.